ಕೀಲಿಮಣೆಯ ಬಿಡಿಭಾಗ: ಬೆಂಗಳೂರಿನ ಕೈಗಾರಿಕಾ ಹೊರವಲಯ ಮತ್ತು ವಿದ್ಯುನ್ಮಾನ ವಾದ್ಯಗಳು

ಕರ್ನಾಟಕದ ಸಂಗೀತ ಇತಿಹಾಸವನ್ನು ಕುರಿತ ಬರವಣಿಗೆ ಬಹುಪಾಲು ವಾಗ್ಗೇಯಕಾರರು, ಗುರುಪರಂಪರೆಗಳು ಹಾಗೂ ಆಸ್ಥಾನಗಳ ಆಶ್ರಯದ ಸುತ್ತ ಬೆಳೆದುಬಂದಿದೆ. ವಾದ್ಯಗಳ ಅಧ್ಯಯನಗಳೂ ಅವುಗಳ ಉಗಮ, ನಾದಗುಣ, ವಾದನಕ್ರಮಗಳನ್ನು ವಿವರಿಸುತ್ತವೆಯೇ ಹೊರತು ವಾದ್ಯ ಕೆಟ್ಟಾಗ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಎತ್ತಿಕೊಂಡದ್ದು ವಿರಳ. ವೀಣೆಗೆ ಮೇಣ ಕಟ್ಟಿ ಮೆಟ್ಟಿಲು ಕೂರಿಸುವವರು, ಮೃದಂಗಕ್ಕೆ ಮುಚ್ಚಿಗೆ ಹಾಕುವವರು, ಹಾರ್ಮೋನಿಯಂನ ತಿದಿ ಬದಲಾಯಿಸುವವರು ಇಲ್ಲದೆ ಯಾವ ಪರಂಪರೆಯೂ ಒಂದು ತಲೆಮಾರನ್ನು ದಾಟಲಾರದು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಾಡಿನ ಚಲನಚಿತ್ರ ಸಂಗೀತ ಹಾಗೂ ವಾದ್ಯಗೋಷ್ಠಿಗಳನ್ನು ಆವರಿಸಿದ ಸಿಂಥಸೈಸರ್ ವಾದ್ಯಕ್ಕೆ ಸಂಬಂಧಿಸಿದಂತೆ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ೧೯೮೩ರಲ್ಲಿ ತಯಾರಾದ ವಾದ್ಯವೊಂದರ ಒಂದು ಬಿಳಿ ಕೀಲಿ ಮುರಿದರೆ ಅದಕ್ಕೆ ಹೊಂದುವ ಇನ್ನೊಂದು ಕೀಲಿ ಬೆಂಗಳೂರಿನಲ್ಲಿ ಎಲ್ಲಿಂದ ಬರಬೇಕು?

ಮೇಲುನೋಟಕ್ಕೆ ಇದು ದುರಸ್ತಿ ಅಂಗಡಿಯ ಪ್ರಶ್ನೆ. ಆದರೆ ಪ್ಲಾಸ್ಟಿಕ್ಕಿನ ಒಂದು ಸಣ್ಣ ತುಂಡನ್ನು ತಯಾರಿಸುವ ಸಾಮರ್ಥ್ಯಕ್ಕೆ ಈ ನಗರದಲ್ಲಿ ಎಂದೂ ಕೊರತೆಯಿರಲಿಲ್ಲ ಎಂಬುದನ್ನು ನೆನೆದರೆ ಅದು ಇತಿಹಾಸದ ಪ್ರಶ್ನೆಯಾಗುತ್ತದೆ. ದೂರವಾಣಿನಗರದಲ್ಲಿ ೧೯೪೮ರಲ್ಲಿ ಐ.ಟಿ.ಐ., ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಬಿ.ಇ.ಎಲ್., ತುಮಕೂರು ರಸ್ತೆಯಲ್ಲಿ ೧೯೬೨ರಲ್ಲಿ ಇಂದು ಸಿ.ಎಂ.ಟಿ.ಐ. ಎಂದು ಕರೆಯಲಾಗುವ ಯಂತ್ರೋಪಕರಣ ಸಂಶೋಧನ ಸಂಸ್ಥೆ, ೧೯೭೨ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಡನೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ, ೧೯೭೬ರಲ್ಲಿ ಕಿಯೋನಿಕ್ಸ್, ಅದರ ಹಿಂದೆಯೇ ಆರ್.ಕೆ. ಬಾಳಿಗರ ಕಲ್ಪನೆಯಂತೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ. ಕೈಗಡಿಯಾರದ ಹಲ್ಲುಚಕ್ರದಿಂದ ರೇಡಾರ್‌ವರೆಗೆ ಇಲ್ಲಿ ತಯಾರಾಗದ ಸೂಕ್ಷ್ಮ ಭಾಗ ಕಡಿಮೆ. ಹೀಗಿದ್ದೂ ಸಿಂಥಸೈಸರಿನ ಕೀಲಿ ಇಲ್ಲಿ ಉದ್ಯಮವಾಗಿ ತಯಾರಾಗಲಿಲ್ಲ. ಇದರ ಕಾರಣವನ್ನು ಕುಶಲತೆಯ ಕೊರತೆಯಲ್ಲಿ ಹುಡುಕುವುದಕ್ಕಿಂತ ಕೀಲಿಯ ರಚನೆಯಲ್ಲಿಯೂ ಅಚ್ಚಿನ ಅರ್ಥಶಾಸ್ತ್ರದಲ್ಲಿಯೂ ಹುಡುಕುವುದು ಸೂಕ್ತ.

ಮರದ ಕೀಲಿಯ ಕಾಲ

ಕೀಲಿಮಣೆ ಕನ್ನಡ ನಾಡಿನ ಜನಸಾಮಾನ್ಯರಿಗೆ ಪರಿಚಯವಾದದ್ದು ಪಿಯಾನೊದಿಂದಲ್ಲ, ಹಾರ್ಮೋನಿಯಂನಿಂದ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ೧೮೭೫ರ ಸುಮಾರಿಗೆ ರೂಪಿಸಿದ ಕೈತಿದಿಯ ಹಾರ್ಮೋನಿಯಂ ಕೆಲವೇ ದಶಕಗಳಲ್ಲಿ ವೃತ್ತಿ ನಾಟಕ ಕಂಪನಿಗಳ ರಂಗದ ಮುಂಭಾಗಕ್ಕೂ, ಭಜನಾ ಮಂದಿರಗಳಿಗೂ, ಕರಾವಳಿಯ ಯಕ್ಷಗಾನ ಮೇಳಗಳಿಗೂ ಹರಡಿತು. ಶ್ರುತಿಯನ್ನು ‘ಬಿಳಿ ನಾಲ್ಕು’, ‘ಕಪ್ಪು ಒಂದು’ ಎಂದು ಕೀಲಿಯ ಬಣ್ಣ ಮತ್ತು ಎಣಿಕೆಯಿಂದಲೇ ಹೆಸರಿಸುವ ರೂಢಿ ಹಾರ್ಮೋನಿಯಂ ಬಿಟ್ಟುಹೋದ ಗುರುತು. ಕೀಲಿಮಣೆಯನ್ನು ಮುಟ್ಟದ ಗಾಯಕರೂ ತಮ್ಮ ಶ್ರುತಿಯನ್ನು ಇಂದಿಗೂ ಹಾಗೆಯೇ ಹೇಳುತ್ತಾರೆ.

ಹಾರ್ಮೋನಿಯಂನ ಕೀಲಿ ಒಂದು ಮರದ ಪಟ್ಟಿ. ಹಿಂಬದಿಯಲ್ಲಿ ತಂತಿಯ ಸ್ಪ್ರಿಂಗು, ಕೆಳಗೆ ಗಾಳಿಯ ಕಿಂಡಿಯನ್ನು ಮುಚ್ಚುವ ಮೆತ್ತೆ, ಮೇಲೆ ಬಿಳಿ ಅಥವಾ ಕಪ್ಪು ಹೊದಿಕೆ. ಒಂದು ಮುರಿದರೆ ಪಕ್ಕದ್ದನ್ನು ಅಳತೆಗೆ ಇಟ್ಟುಕೊಂಡು ಮರಗೆಲಸದವರು ಇನ್ನೊಂದನ್ನು ಕೊಯ್ದು ಕೊಡುತ್ತಿದ್ದರು. ರೀಡುಗಳು ಗುಜರಾತಿನ ಪಾಲಿತಾಣದಿಂದ ಬರುತ್ತಿದ್ದರೂ ಕೀಲಿಗಾಗಿ ಊರು ಬಿಟ್ಟು ಹೋಗಬೇಕಾದ ಅಗತ್ಯವಿರಲಿಲ್ಲ. ‘ಹೊಂದಾಣಿಕೆ’ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ, ಏಕೆಂದರೆ ಪ್ರತಿಯೊಂದು ಕೀಲಿಯೂ ಆ ಒಂದು ಪೆಟ್ಟಿಗೆಗಾಗಿಯೇ ತಯಾರಾದದ್ದು.

ಆ ಕಾಲದಲ್ಲಿ ಕೀಲಿಮಣೆಗೆ ಎದುರಾದ ವಿರೋಧ ಬೇರೆ ಬಗೆಯದು. ಸ್ಥಿರ ಸ್ವರಗಳ ಈ ವಾದ್ಯ ಗಮಕ, ಮೀಂಡ್‌ಗಳಿಗೆ ಒಗ್ಗದು ಎಂಬ ವಾದದ ಹಿನ್ನೆಲೆಯಲ್ಲಿ ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ೧೯೭೧ರಲ್ಲಿ ನಿಷೇಧ ಭಾಗಶಃ ಸಡಿಲಗೊಂಡಿತು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆ (೧೯೧೭–೨೦೧೦) ಅವರಂತಹ ಹಿರಿಯ ವಾದಕರ ಪ್ರೌಢ ವಯಸ್ಸಿನ ಬಹುಭಾಗ ಈ ನಿಷೇಧದ ನೆರಳಿನಲ್ಲಿಯೇ ಕಳೆಯಿತು. ಆದರೂ ವಾದ್ಯ ಅಳಿಯಲಿಲ್ಲ. ಶ್ರೋತೃಗಳ ಒಲವು ಇದಕ್ಕೆ ಕಾರಣವೆಂಬುದು ನಿಜ. ಊರೂರಿನಲ್ಲಿ ದುರಸ್ತಿ ಸಾಧ್ಯವಿದ್ದುದೂ ಅಷ್ಟೇ ಮುಖ್ಯವಾದ ಕಾರಣ.

ಸಿಂಥಸೈಸರಿನ ಆಗಮನ

ಭಾರತಕ್ಕೆ ಬಂದ ಆರಂಭದ ಸಿಂಥಸೈಸರ್‌ಗಳಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮೂಗ್ ವಾದ್ಯ ಪ್ರಸಿದ್ಧವಾದದ್ದು. ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ೧೯೬೯ರಲ್ಲಿ ಅದು ಅಲ್ಲಿ ಸ್ಥಾಪನೆಗೊಂಡಿತು. ಅದು ಪ್ರಯೋಗಶಾಲೆಯ ವಾದ್ಯ. ಜನಬಳಕೆಯ ಮಾತು ಬಂದಾಗ ೧೯೮೦ರ ನಂತರದ ಜಪಾನಿ ವಾದ್ಯಗಳನ್ನೇ ಗಣಿಸಬೇಕಾಗುತ್ತದೆ. ೧೯೮೦ರಲ್ಲಿ ಕ್ಯಾಸಿಯೊ ಕಂಪನಿಯ ಕ್ಯಾಸಿಯೊಟೋನ್, ೧೯೮೩ರಲ್ಲಿ ಯಮಹಾ ಡಿ.ಎಕ್ಸ್.೭, ೧೯೮೮ರಲ್ಲಿ ಕಾರ್ಗ್ ಎಂ.೧ ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಡಿ.ಎಕ್ಸ್.೭ ಒಂದೇ ಜಗತ್ತಿನಾದ್ಯಂತ ಒಂದೂವರೆ ಲಕ್ಷಕ್ಕೂ ಮೀರಿ ಮಾರಾಟವಾಯಿತು.

ಇದೇ ಅವಧಿಯಲ್ಲಿ ಕನ್ನಡ ಚಲನಚಿತ್ರಗೀತೆಗಳ ಧ್ವನಿಮುದ್ರಣವು ಮದರಾಸಿನಿಂದ ಬೆಂಗಳೂರಿನತ್ತ ಸರಿಯತೊಡಗಿತು. ಶಂಕರನಾಗ್ ಅವರು ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದ್ದು ಈ ದೃಷ್ಟಿಯಿಂದ ಸ್ಮರಣೀಯ. ೧೯೮೭ರ ‘ಪ್ರೇಮಲೋಕ’ ಚಿತ್ರದ ಹಂಸಲೇಖ ಅವರ ಗೀತೆಗಳ ನಂತರ ವಿದ್ಯುನ್ಮಾನ ನಾದ ಕನ್ನಡ ಕಿವಿಗಳಿಗೆ ಹೊಸದಾಗಿ ಉಳಿಯಲಿಲ್ಲ. ಧ್ವನಿಮುದ್ರಣ ಕೇಂದ್ರಗಳ ಹೊರಗೆ ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳೂ ಕೀಬೋರ್ಡನ್ನು ಅಪ್ಪಿಕೊಂಡವು. ವಾದ್ಯಗಳು ಸವೆದದ್ದು ಹೆಚ್ಚಾಗಿ ಈ ಬಯಲು ವೇದಿಕೆಗಳಲ್ಲಿ. ವ್ಯಾನಿನ ಮೇಲೆ ಹಗ್ಗ ಬಿಗಿದು ಸಾಗಿಸುವಾಗ ಬಿಳಿ ಕೀಲಿಯ ಮುಂತುದಿ ಪೆಟ್ಟು ತಿನ್ನುತ್ತಿತ್ತು. ಪೆಂಡಾಲಿನ ಧೂಳು ಒಳಗಿನ ಸಂಪರ್ಕಗಳ ಮೇಲೆ ಕೂರುತ್ತಿತ್ತು.

ಈ ವಾದ್ಯಗಳು ಬಂದ ದಾರಿಯನ್ನೂ ಗಮನಿಸಬೇಕು. ೧೯೯೧ರ ಉದಾರೀಕರಣಕ್ಕೆ ಮುನ್ನ ವಿದೇಶಿ ವಿದ್ಯುನ್ಮಾನ ಸರಕಿನ ಆಮದಿಗೆ ಪರವಾನಗಿಯ ಕಟ್ಟುಪಾಡು ಹಾಗೂ ಭಾರೀ ಸುಂಕಗಳಿದ್ದವು. ಹಾಗಾಗಿ ಸಿಂಗಪುರದಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಹಿಂದಿರುಗುವವರ ಸಾಮಾನಿನೊಡನೆ ಅನೇಕ ವಾದ್ಯಗಳು ಬಂದವು. ಹೀಗೆ ಬಂದ ವಾದ್ಯದ ಹಿಂದೆ ಬಿಡಿಭಾಗಗಳ ದಾಸ್ತಾನು ಬರಲಿಲ್ಲ.

ಕೀಲಿಯ ಅಂಗರಚನೆ

ಹೊಂದಾಣಿಕೆಯ ತೊಡಕು ಅರ್ಥವಾಗಬೇಕಾದರೆ ಕೀಲಿಯನ್ನು ಬಿಚ್ಚಿ ನೋಡಬೇಕು. ೬೧ ಕೀಲಿಗಳ ವಾದ್ಯದಲ್ಲಿ ೩೬ ಬಿಳಿ, ೨೫ ಕಪ್ಪು. ಕಪ್ಪು ಕೀಲಿಗಳೆಲ್ಲ ಒಂದೇ ಆಕಾರದವು. ಬಿಳಿಯವು ಹಾಗಲ್ಲ. ಪಕ್ಕದ ಕಪ್ಪು ಕೀಲಿಗೆ ಜಾಗ ಬಿಡಲು ಪ್ರತಿಯೊಂದು ಬಿಳಿ ಕೀಲಿಯನ್ನೂ ಬೇರೆ ಬೇರೆ ಕಡೆ ಕತ್ತರಿಸಿರುತ್ತದೆ. ಸಿ, ಡಿ, ಇ, ಎಫ್, ಜಿ, ಎ, ಬಿ ಎಂಬ ಏಳು ಆಕಾರಗಳು, ಬಲತುದಿಯಲ್ಲಿ ಯಾವ ಕಡೆಯೂ ಕತ್ತರಿಸದ ಎಂಟನೆಯ ಒಂದು ‘ಸಿ’. ಅನೇಕ ವಾದ್ಯಗಳಲ್ಲಿ ಕೀಲಿಯ ಕೆಳಮೈಯಲ್ಲಿ ಈ ಅಕ್ಷರವನ್ನು ಅಚ್ಚಿನಲ್ಲಿಯೇ ಮೂಡಿಸಿರುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಕಂಪನಿಗಳ ಕೀಲಿಗಳೂ ಒಂದೇ ಎಂದು ತೋರುತ್ತದೆ. ಒಂದು ಸಪ್ತಕದ ಅಗಲ ಸುಮಾರು ೧೬೪–೧೬೫ ಮಿಲಿಮೀಟರ್ ಎಂಬುದು ವಾದಕರ ಬೆರಳಿನ ಅಭ್ಯಾಸದಿಂದ ನಿಗದಿಯಾದ ಅಳತೆ. ಆದರೆ ಬೆರಳು ಮುಟ್ಟದ ಭಾಗದಲ್ಲಿ ಇಂತಹ ಒಪ್ಪಂದವಿಲ್ಲ. ಹಿಂಬದಿಯ ಕೊಕ್ಕೆ, ಸ್ಪ್ರಿಂಗು ಕೂರುವ ಕಚ್ಚು, ಸಂಪರ್ಕವನ್ನು ಒತ್ತುವ ಗೂಟ, ಕೀಲಿ ಅತ್ತಿತ್ತ ಅಲುಗದಂತೆ ತಡೆಯುವ ತೋಡು ಇವೆಲ್ಲ ಆಯಾ ತಯಾರಕರ ಇಚ್ಛೆಯಂತೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ‘ತಯಾರಕರು’ ಎಂದರೆ ವಾದ್ಯದ ಮೇಲೆ ಹೆಸರಿರುವ ಕಂಪನಿಯೇ ಆಗಬೇಕಿಲ್ಲ. ೧೯೭೦ರ ದಶಕದ ಅಮೆರಿಕನ್ ವಾದ್ಯಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೂಗ್, ಎ.ಆರ್.ಪಿ., ಸೀಕ್ವೆನ್ಷಿಯಲ್ ಸರ್ಕಿಟ್ಸ್ ಪರಸ್ಪರ ಸ್ಪರ್ಧಿಗಳು. ಆದರೆ ಮೂವರೂ ಕನೆಕ್ಟಿಕಟ್ ರಾಜ್ಯದ ಪ್ರ್ಯಾಟ್-ರೀಡ್ ಕಂಪನಿಯಿಂದ ಕೀಲಿಮಣೆಗಳನ್ನು ಕೊಳ್ಳುತ್ತಿದ್ದರು. ಆ ಕಂಪನಿಯಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ ಆನೆದಂತದ ಪಿಯಾನೊ ಕೀಲಿಗಳಿಂದ ಬೆಳೆದದ್ದು. ಅದರ ನೆರೆಯ ಪಟ್ಟಣಕ್ಕೆ ಐವರಿಟನ್, ಅಂದರೆ ದಂತದೂರು, ಎಂದೇ ಹೆಸರು. ಆದ್ದರಿಂದ ೧೯೭೦ರ ಮಿನಿಮೂಗ್ ವಾದ್ಯಕ್ಕೆ ಕೀಲಿ ಬೇಕಾದವರು ಇನ್ನೊಂದು ಮಿನಿಮೂಗ್ ಅನ್ನೇ ಹುಡುಕಬೇಕಿಲ್ಲ. ಪ್ರ್ಯಾಟ್-ರೀಡ್ ಕೀಲಿಮಣೆಯಿರುವ ಬೇರೊಂದು ಹೆಸರಿನ ವಾದ್ಯವೂ ದಾನಿಯಾಗಬಲ್ಲದು. ಕಾರ್ಗ್ ಎಂ.೧ ವಾದ್ಯದ ಕೀಲಿಮಣೆ ಯಮಹಾ ತಯಾರಿಕೆಯದು ಎಂಬುದು ಇದಕ್ಕೆ ಜಪಾನಿನ ಉದಾಹರಣೆ. ಆ ವರ್ಷಗಳಲ್ಲಿ ಕಾರ್ಗ್ ಕಂಪನಿಯಲ್ಲಿ ಯಮಹಾದ ಬಂಡವಾಳವಿತ್ತು. ಷೇರುಗಳ ಕೊಡುಕೊಳ್ಳುವಿಕೆಯ ಇತಿಹಾಸ ಪ್ಲಾಸ್ಟಿಕ್ ಕೊಕ್ಕೆಯೊಂದರ ಆಕಾರದಲ್ಲಿ ಉಳಿದುಕೊಂಡಿರುವುದು ಸಂಶೋಧಕರಿಗೆ ಕುತೂಹಲದ ಸಂಗತಿ. ಹೆಸರುಪಟ್ಟಿಯನ್ನು ನಂಬಿ ಬಿಡಿಭಾಗ ಹುಡುಕುವವರಿಗೆ ಈ ಇತಿಹಾಸ ತಿಳಿಯದಿದ್ದರೆ ಆಗುವ ನಷ್ಟವೂ ಅಷ್ಟೇ ನಿಜ.

ಅಗ್ಗದ ವಾದ್ಯಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅನೇಕ ಮನೆಬಳಕೆಯ ಕೀಬೋರ್ಡುಗಳಲ್ಲಿ ಬಿಳಿ ಕೀಲಿಗಳು ಬಿಡಿಬಿಡಿಯಾಗಿರದೆ ಬಾಚಣಿಗೆಯಂತೆ ಒಂದೇ ಪಟ್ಟಿಗೆ ಅಂಟಿಕೊಂಡು ಅಚ್ಚಾಗಿರುತ್ತವೆ. ಪ್ಲಾಸ್ಟಿಕ್ಕಿನ ತೆಳುವಾದ ಬುಡವೇ ಅಲ್ಲಿ ತಿರುಗುಗೀಲು. ಒಂದು ಕೀಲಿ ಮುರಿದರೆ ಇಡೀ ಬಾಚಣಿಗೆಯನ್ನೇ ಬದಲಾಯಿಸಬೇಕು.

ಕೀಲಿಯ ಕೆಳಗಿನ ಸಂಪರ್ಕಗಳ ವಿಷಯದಲ್ಲಿ ಬೆಂಗಳೂರಿಗೆ ಅನುಕೂಲವಿತ್ತು. ೧೯೭೦ರ ದಶಕದ ವಾದ್ಯಗಳಲ್ಲಿ ಸಪುರವಾದ ತಂತಿಗಳು ಲೋಹದ ದಂಡವನ್ನು ಮುಟ್ಟುತ್ತಿದ್ದವು. ನಂತರದ ವಾದ್ಯಗಳಲ್ಲಿ ಇಂಗಾಲ ಲೇಪಿತ ರಬ್ಬರ್ ಗುಬ್ಬಿಗಳು ಬಂದವು. ಗುಂಡಿಯ ದೂರವಾಣಿ, ಕ್ಯಾಲ್ಕುಲೇಟರ್, ಟಿ.ವಿ. ರಿಮೋಟುಗಳಲ್ಲಿರುವುದೂ ಇದೇ ತತ್ತ್ವ. ಸಾದರ ಪತ್ರಪ್ಪ ರಸ್ತೆಯ, ಅಂದರೆ ಎಸ್.ಪಿ. ರಸ್ತೆಯ ಬಿಡಿಭಾಗಗಳಿಂದಲೇ ಇವನ್ನು ಸರಿಪಡಿಸಲು ಸಾಧ್ಯವಾಗುತ್ತದೆ. ಶಬ್ದ ಹುಟ್ಟಿಸುವ ಚಿಪ್ಪುಗಳು ಮೂವತ್ತು-ನಲವತ್ತು ವರ್ಷ ಬಾಳಿವೆ, ಸಂಪರ್ಕಗಳಿಗೆ ಪರ್ಯಾಯವಿದೆ. ದಾರಿ ಕಟ್ಟುವುದು ಬರಿಯ ಪ್ಲಾಸ್ಟಿಕ್ ತುಂಡಿನಲ್ಲಿ.

ಹಳೆಯ ಕೀಲಿ ಸಿಕ್ಕರೂ ಅದು ನಿರ್ದೋಷಿಯಾಗಿರಬೇಕೆಂದಿಲ್ಲ. ೧೯೯೧ರ ರೋಲ್ಯಾಂಡ್ ಜೆ.ಡಿ.-೮೦೦ ಹಾಗೂ ಅದರ ಸಮಕಾಲೀನ ಕೆಲವು ಮಾದರಿಗಳಲ್ಲಿ ಕೀಲಿಯೊಳಗೆ ತೂಕದ ಲೋಹವನ್ನು ಕೆಂಪು ಅಂಟಿನಿಂದ ಕೂರಿಸಲಾಗಿತ್ತು. ದಶಕಗಳ ನಂತರ ಆ ಅಂಟು ಮೆತ್ತಗಾಗಿ ಇಳಿದು ಕೆಳಗಿನ ಸಂಪರ್ಕಗಳನ್ನು ಹಾಳುಮಾಡುವುದು ದುರಸ್ತಿಗಾರರ ಲೋಕದಲ್ಲಿ ಪ್ರಸಿದ್ಧ. ದಾನಿ ವಾದ್ಯದಿಂದ ತೆಗೆದ ಕೀಲಿ ಅದೇ ರೋಗವನ್ನು ಹೊತ್ತು ತರುತ್ತದೆ.

ಕೀಲಿಯಿಲ್ಲದ ವಾದ್ಯ

ಇದೇ ನಗರದ ಇನ್ನೊಂದು ವಿದ್ಯುನ್ಮಾನ ವಾದ್ಯದೊಡನೆ ಹೋಲಿಸಿದಾಗ ಈ ಸಂಗತಿಗೆ ಹೊಸ ಅರ್ಥ ಬರುತ್ತದೆ. ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ವಿದ್ಯುನ್ಮಾನ ತಂಬೂರಿ ೧೯೭೯ರಲ್ಲಿ ಬೆಳಕಿಗೆ ಬಂದಿತು. ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆ, ತಂಬೂರಿ, ತಾಳವಾದ್ಯಗಳು ದೇಶವಿದೇಶಗಳ ಕಚೇರಿ ವೇದಿಕೆಗಳನ್ನು ತಲುಪಿದವು. ಯಕ್ಷಗಾನದಲ್ಲಿಯೂ ಹಿಂದೆ ಪುಂಗಿ, ಆಮೇಲೆ ಹಾರ್ಮೋನಿಯಂ ವಹಿಸಿದ್ದ ಶ್ರುತಿಯ ಕೆಲಸವನ್ನು ವಿದ್ಯುನ್ಮಾನ ಪೆಟ್ಟಿಗೆ ವಹಿಸಿಕೊಂಡಿತು.

ಈ ಪೆಟ್ಟಿಗೆಯಲ್ಲಿ ಕೀಲಿಮಣೆಯಿಲ್ಲ. ಶ್ರುತಿ, ವೇಗ, ಧ್ವನಿಮಟ್ಟಗಳಿಗೆ ತಿರುಗುಗುಂಡಿ ಹಾಗೂ ಸ್ವಿಚ್ಚುಗಳು ಸಾಕು. ಅವು ರೇಡಿಯೊ, ಆಂಪ್ಲಿಫಯರ್‌ಗಳಲ್ಲಿ ಬಳಕೆಯಾಗುವ ಜಾತಿಯವು. ಒಂದು ಕೆಟ್ಟರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಹನ್ನೆರಡು ಸ್ಥಿರ ಸ್ವರಗಳ ಕೀಲಿಮಣೆಯನ್ನು ಕರ್ನಾಟಕ ಸಂಗೀತ ಅನುಮಾನದಿಂದ ನೋಡಿದ ಕಾರಣವೇ ಬೆಂಗಳೂರಿನ ವಿದ್ಯುನ್ಮಾನ ವಾದ್ಯೋದ್ಯಮ ಕೀಲಿಯ ಸಹವಾಸವಿಲ್ಲದೆ ಬೆಳೆಯಿತು ಎಂದು ಹೇಳಲು ಅವಕಾಶವಿದೆ. ಅದರ ಎರಡು ಪರಿಣಾಮಗಳನ್ನು ಗುರುತಿಸಬಹುದು. ಸ್ವದೇಶಿ ವಾದ್ಯ ದುರಸ್ತಿಗೆ ಸುಲಭವಾಗಿ ಉಳಿಯಿತು. ಕೀಲಿ ತಯಾರಿಸಲು ಬೇಕಾದ ಸ್ಥಳೀಯ ಬೇಡಿಕೆ ಮಾತ್ರ ಹುಟ್ಟಲಿಲ್ಲ.

ಪೀಣ್ಯದ ಅಚ್ಚು

ಬೇಡಿಕೆಯ ಈ ಮಾತು ಪೀಣ್ಯದ ಉಪಕರಣಾಗಾರಗಳಲ್ಲಿ ನಿರ್ಣಾಯಕವಾಗುತ್ತದೆ. ಅಚ್ಚು ತಯಾರಿಸುವ ವಿದ್ಯೆ ಅಲ್ಲಿ ಸಮೃದ್ಧವಾಗಿದೆ. ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಮೊದಲಾದ ಎನ್.ಟಿ.ಟಿ.ಎಫ್. ಪೀಣ್ಯದಲ್ಲಿಯೂ, ಮೇಲೆ ಹೇಳಿದ ಸರ್ಕಾರಿ ಉಪಕರಣಾಗಾರ ರಾಜಾಜಿನಗರದಲ್ಲಿಯೂ ತಲೆಮಾರುಗಟ್ಟಲೆ ಅಚ್ಚುಗಾರರನ್ನು ತರಬೇತುಗೊಳಿಸಿವೆ. ಸಿಂಥಸೈಸರಿನ ಕೀಲಿಗೆ ಬೇಕಾದ ಎ.ಬಿ.ಎಸ್. ಪ್ಲಾಸ್ಟಿಕ್ ವಾಹನಗಳ ಬಿಡಿಭಾಗಗಳಲ್ಲಿ, ವಿದ್ಯುತ್ ಉಪಕರಣಗಳ ಕವಚಗಳಲ್ಲಿ ದಿನನಿತ್ಯ ಬಳಕೆಯಾಗುವಂಥದು.

ಆದರೆ ಅಚ್ಚಿಗೆ ಉಕ್ಕು ಕೊರೆಯುವ ವೆಚ್ಚ ಒಂದು ಕೀಲಿಗಾದರೂ ಒಂದೇ, ಲಕ್ಷ ಕೀಲಿಗಾದರೂ ಒಂದೇ. ಒಂದು ಮಾದರಿಯ ವಾದ್ಯಕ್ಕೆ ಪೂರ್ಣ ಸೇವೆ ಸಲ್ಲಿಸಬೇಕಾದರೆ ಏಳು ಬಿಳಿ, ಒಂದು ತುದಿಯ ‘ಸಿ’, ಒಂದು ಕಪ್ಪು, ಹೀಗೆ ಒಂಬತ್ತು ಕುಳಿಗಳು ಬೇಕು. ನಗರದಲ್ಲಿ ಆ ಮಾದರಿಯ ಬೆರಳೆಣಿಕೆಯ ವಾದ್ಯಗಳಿದ್ದು ವರ್ಷಕ್ಕೆ ಒಂದೆರಡು ಕೀಲಿ ಮುರಿಯುವುದಾದರೆ ಯಾವ ಲೆಕ್ಕದಲ್ಲಿಯೂ ಆ ವೆಚ್ಚ ಹಿಂದಿರುಗದು. ಕಂಪನಿಯ ಅಧಿಕೃತ ಬಿಡಿಭಾಗ ನಿಂತುಹೋಗುವುದೂ ಇದೇ ಕಾರಣದಿಂದ: ಮಾದರಿಯ ಉತ್ಪಾದನೆ ಮುಗಿದ ಮೇಲೆ ಅಚ್ಚು ಕಾಯ್ದಿಡುವುದು ಖರ್ಚಿನ ಬಾಬತ್ತು. ಯಮಹಾ ೨೦೧೯ರಲ್ಲಿ ಚೆನ್ನೈ ಬಳಿ ವಾದ್ಯ ಕಾರ್ಖಾನೆಯನ್ನೇ ಆರಂಭಿಸಿತಾದರೂ ಅಲ್ಲಿ ತಯಾರಾಗುವುದು ಇಂದಿನ ಮಾದರಿಗಳು.

ಅಳತೆಯ ಸೂಕ್ಷ್ಮವೂ ಸಣ್ಣದಲ್ಲ. ಎ.ಬಿ.ಎಸ್. ಅಚ್ಚಿನಲ್ಲಿ ತಣಿಯುವಾಗ ಸಾವಿರಕ್ಕೆ ನಾಲ್ಕರಿಂದ ಏಳು ಭಾಗದಷ್ಟು ಕುಗ್ಗುತ್ತದೆ. ೧೫೦ ಮಿಲಿಮೀಟರ್ ಉದ್ದದ ಕೀಲಿಯಲ್ಲಿ ಇದು ಅರ್ಧ ಮಿಲಿಮೀಟರಿಗಿಂತ ಹೆಚ್ಚು, ಒಂದು ಮಿಲಿಮೀಟರಿನವರೆಗೆ. ಹಳೆಯ ಕೀಲಿಯನ್ನೇ ಮಾದರಿಯಾಗಿ ಇಟ್ಟುಕೊಂಡು ಕುಳಿ ಕೊರೆದರೆ ಹೊಸ ಕೀಲಿ ಗಿಡ್ಡವಾಗುತ್ತದೆ, ಕೊಕ್ಕೆ ತನ್ನ ಕಚ್ಚನ್ನು ತಪ್ಪುತ್ತದೆ. ಹಾರ್ಮೋನಿಯಂನ ಮರಗೆಲಸದವರಿಗೆ ಪಕ್ಕದ ಕೀಲಿ ಸಾಕಾಗಿತ್ತು. ಇಲ್ಲಿ ಪಕ್ಕದ ಕೀಲಿ ದಾರಿ ತಪ್ಪಿಸುವ ಸಾಕ್ಷಿ.

ಈ ಸ್ಥಿತಿಯಲ್ಲಿ ದುರಸ್ತಿಗಾರರು ಕಂಡುಕೊಂಡ ಉಪಾಯಗಳು ಸರಳವಾದರೂ ಬುದ್ಧಿವಂತಿಕೆಯವು. ಒಂದೇ ಅಕ್ಷರದ ಕೀಲಿಗಳು ಬಹುತೇಕ ಬಿಡಿಕೀಲಿ ವಾದ್ಯಗಳಲ್ಲಿ ಎಲ್ಲ ಸಪ್ತಕಗಳಿಗೂ ಹೊಂದುತ್ತವೆ. ಮಧ್ಯ ಸಪ್ತಕದ ‘ಇ’ ಮುರಿದರೆ ವಿರಳವಾಗಿ ಬಳಕೆಯಾಗುವ ತುದಿಯ ಸಪ್ತಕದ ‘ಇ’ ಅನ್ನು ಅಲ್ಲಿಗೆ ತಂದು, ಮುರಿದದ್ದನ್ನು ಅಂಟಿಸಿ ತುದಿಗೆ ಕೂರಿಸುವುದು ವಾಡಿಕೆಯ ಕ್ರಮ. ತುದಿಯ ‘ಸಿ’ ಒಂದಕ್ಕೆ ಮಾತ್ರ ಈ ಅನುಕೂಲವಿಲ್ಲ. ಅದರಂತಹ ಇನ್ನೊಂದು ಆ ವಾದ್ಯದಲ್ಲಿಯೇ ಇಲ್ಲ. ಇನ್ನೊಂದು ದಾರಿ ೧೯೮೩ರಲ್ಲಿ ಬಂದ ಮಿಡಿ ಸಂಪರ್ಕ. ಅದಿರುವ ವಾದ್ಯವನ್ನು ಬೇರೊಂದು ಕೀಲಿಮಣೆಯಿಂದ ನುಡಿಸಬಹುದು. ಅದಕ್ಕೆ ಹಿಂದಿನ ವಾದ್ಯಗಳಿಗೆ ಈ ಊರುಗೋಲು ಹುಟ್ಟಿನಿಂದ ಬಂದದ್ದಲ್ಲ.

ಕೊನೆಯ ಆಸರೆ ದಾನಿ ವಾದ್ಯ, ಅಂದರೆ ಮಂಡಲ ಸುಟ್ಟು ಮೂಲೆ ಸೇರಿದ ಇನ್ನೊಂದು ಹಳೆಯ ಕೀಬೋರ್ಡು. ಇಂತಹವು ಗುಜರಿಯ ಮೂಲಕ ಕೈ ಬದಲಾಯಿಸುತ್ತಿದ್ದ ಕಾಲ ಈಗ ಬದಲಾಗುತ್ತಿದೆ. ಪೀಣ್ಯವನ್ನು ದಾಟಿ ಅದೇ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಸಿಗುವ ದಾಬಸ್‌ಪೇಟೆಯಲ್ಲಿ ೨೦೦೫ರಲ್ಲಿ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣ ಘಟಕಗಳಲ್ಲೊಂದಾದ ಇ-ಪರಿಸರ ಆರಂಭವಾಯಿತು. ೨೦೧೧ರ ಇ-ತ್ಯಾಜ್ಯ ನಿಯಮಗಳು ೨೦೧೨ರಿಂದ ಜಾರಿಗೆ ಬಂದವು. ಸೀಸ, ಪಾದರಸಗಳು ಮಣ್ಣು ಸೇರುವುದನ್ನು ತಡೆಯಲು ಇದು ಅಗತ್ಯವಾದ ವ್ಯವಸ್ಥೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಂಸ್ಕರಣೆಯ ದೃಷ್ಟಿಯಲ್ಲಿ ಪ್ಲಾಸ್ಟಿಕ್ ಎಂದರೆ ಪುಡಿಯಾಗಬೇಕಾದ ವಸ್ತು. ಆ ದೃಷ್ಟಿಗೆ ೧೯೮೩ರ ‘ಎಫ್’ ಕೀಲಿಗೂ ಒಡೆದ ಟಿ.ವಿ. ಕವಚಕ್ಕೂ ವ್ಯತ್ಯಾಸವಿಲ್ಲ.

ಮೂರು ಆಯಾಮದ ಮುದ್ರಣ ಈ ಲೆಕ್ಕಾಚಾರವನ್ನು ಸ್ವಲ್ಪಮಟ್ಟಿಗೆ ತಿರುಗಿಸಿದೆ. ಅಚ್ಚಿನ ವೆಚ್ಚವಿಲ್ಲದ ಕಾರಣ ಒಂದೇ ಒಂದು ಕೀಲಿ ತಯಾರಿಸುವುದೂ ಈಗ ಅಸಾಧ್ಯವಲ್ಲ. ಪದರಗಳ ಗೆರೆಯನ್ನು ಉಜ್ಜಿ ನಯಗೊಳಿಸಬೇಕು, ಕೊಕ್ಕೆಯ ಭಾಗ ಪದರದ ಗುಂಟ ಸೀಳದಂತೆ ಮುದ್ರಣದ ದಿಕ್ಕನ್ನು ಆರಿಸಬೇಕು, ಬಿಳಿಯ ಛಾಯೆ ಹಳದಿಗಟ್ಟಿದ ನೆರೆಯವರಿಗೆ ಹೊಂದಬೇಕು. ಇವೆಲ್ಲಕ್ಕೂ ಮುನ್ನ ಮುರಿಯದ ಒಂದು ಮೂಲ ಕೀಲಿಯ ನಿಖರ ಅಳತೆ ಬೇಕು. ಬೆಂಗಳೂರಿನ ಜೆ.ಪಿ. ನಗರದಲ್ಲಿ ೨೦೧೯ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್‌ನಂತಹ ಸಂಗ್ರಹಾಲಯಗಳು ವಾದ್ಯಗಳನ್ನು ಕಾಯ್ದಿಡುವ ಹೊಣೆ ಹೊತ್ತಿವೆ. ಸಿಂಥಸೈಸರಿನ ಮಟ್ಟಿಗೆ ಕಾಯ್ದಿಡಬೇಕಾದದ್ದು ಇಡೀ ವಾದ್ಯ ಮಾತ್ರವಲ್ಲ. ಪ್ರತಿ ಕೀಲಿಮಣೆ ತಯಾರಕರ ಏಳು ಬಿಳಿ, ತುದಿಯ ‘ಸಿ’ ಹಾಗೂ ಒಂದು ಕಪ್ಪು ಕೀಲಿ, ಅವುಗಳ ಕೆಳಮೈಯ ಅಕ್ಷರ, ಕೊಕ್ಕೆಯ ಅಳತೆ, ಯಾವ ಯಾವ ಹೆಸರಿನ ವಾದ್ಯಗಳಲ್ಲಿ ಅವು ಬಳಕೆಯಾದವು ಎಂಬ ವಿವರಗಳನ್ನು ಒಂದೇ ಖಾನೆಯಲ್ಲಿ ಇರಿಸಬಹುದು. ಕಾರ್ಗ್ ಎಂ.೧ರ ಖಾನೆಯ ಮೇಲೆ ಬರೆಯಬೇಕಾದ ಹೆಸರು ಆಗ ಯಮಹಾ ಎಂದಿರುತ್ತದೆ.